ನಮಗಿಂತ ಮೊದಲು ಹೊರಟ ಚೀಲ

ಒಂದು ಪ್ರಯಾಣ ಶುರುವಾಗುವುದು ಯಾವಾಗ? ಇದು ವೇದಾಂತದ ಪ್ರಶ್ನೆ ಎಂದುಕೊಂಡು ಪುಟ ಮಗುಚಬೇಡಿ. ನನಗೆ ಇದನ್ನು ಕೇಳಿದವರು ಸ್ವಾಮಿಗಳಲ್ಲ. ಒಂದು ದ್ವೀಪದ ವಿಮಾನ ನಿಲ್ದಾಣದಲ್ಲಿ ಮೈತುಂಬ ಬಿಳಿ ಅಂಗಿ ತೊಟ್ಟು, ಮುಖದ ಮುಂದೆ ಪ್ಲಾಸ್ಟಿಕ್ ಪರದೆ ಇಳಿಬಿಟ್ಟುಕೊಂಡು, ಮೇಜಿನ ಹಿಂದೆ ಕುಳಿತಿದ್ದ ಒಬ್ಬ ಅಧಿಕಾರಿ. ಅವರು ಹಿಂದಿಯಲ್ಲಿ ಕೇಳಿದರು. ನಾನು ನಮ್ಮ ಕಡೆಯ ಹಿಂದಿಯಲ್ಲಿ ಉತ್ತರ ಕೊಟ್ಟೆ. ಉತ್ತರ ಸರಿಯಾಗಿತ್ತು. ತೊಂದರೆಯಾದದ್ದೇ ಅದರಿಂದ.

ದ್ವೀಪದ ಹೆಸರು ಬರೆಯುವುದಿಲ್ಲ. ಅಲ್ಲಿಯ ಜನ ಒಳ್ಳೆಯವರು, ಅವರ ಉಪ್ಪು ತಿಂದಿದ್ದೇನೆ. ಅಲ್ಲದೆ ಆ ದಿನಗಳಲ್ಲಿ ಯಾವ ಊರಿನ ನಿಯಮ ನೆಟ್ಟಗಿತ್ತು, ನೀವೇ ನೆನಪು ಮಾಡಿಕೊಳ್ಳಿ.

ನಾನು ಆಳಂದದ ಕೋರ್ಟಿನಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ನ್ಯಾಯಾಧೀಶರ ಕೆಳಗಿನ ಮೇಜಿನಲ್ಲಿ ಕುಳಿತು ಸಾಕ್ಷಿಗಳ ಮಾತು ಕೇಳುವುದರಲ್ಲೇ ಹರೆಯ ಕಳೆಯಿತು. ಸಾಕ್ಷಿ ಕಟಕಟೆ ಹತ್ತುವ ಮೊದಲು ವಕೀಲರು ಅವನ ಕಿವಿಯಲ್ಲಿ ಹೇಳುವ ಮಾತು ಒಂದೇ: ಕೇಳಿದ್ದಕ್ಕಷ್ಟೇ ಜವಾಬು ಕೊಡು. ಅತನೂರ ಕಡೆಯ ಒಬ್ಬ ಹಿರಿಯರು ಹೊಲದ ಒಡ್ಡಿನ ಜಗಳಕ್ಕೆ ಸಾಕ್ಷಿ ಹೇಳಲು ಬಂದಿದ್ದರು. ಆ ದಿನ ಹೊಲದಲ್ಲಿ ಇದ್ದಿರೇನು ಎಂದು ಕೇಳಿದರೆ ಹೌದು ಎಂದು ಸುಮ್ಮನಾಗಬಹುದಿತ್ತು. ಅವರು ಎತ್ತಿನ ಹೊಟ್ಟೆ ಉಬ್ಬಿದ್ದನ್ನು ಹೇಳಿದರು, ಅದಕ್ಕೆ ಎಣ್ಣೆ ತರಲು ಮನೆಗೆ ಹೋದದ್ದನ್ನು ಹೇಳಿದರು, ಮನೆಯಲ್ಲಿ ಎಣ್ಣೆ ಇಲ್ಲದೆ ಬೀಗರ ಮನೆಗೆ ಹೋದದ್ದನ್ನು ಹೇಳಿದರು. ಕೊನೆಗೆ ಜಗಳದ ಹೊತ್ತಿನಲ್ಲಿ ತಾವು ಹೊಲದಲ್ಲಿ ಇರಲೇ ಇಲ್ಲ ಎಂಬುದನ್ನು ಯಾರ ಸಹಾಯವೂ ಇಲ್ಲದೆ ಸಾಬೀತುಮಾಡಿ ಇಳಿದುಹೋದರು. ನಾವೆಲ್ಲ ಬಾಯಿಗೆ ಕರವಸ್ತ್ರ ಹಿಡಿದು ನಕ್ಕೆವು. ಇಷ್ಟು ಕಂಡವನು ಎಷ್ಟು ಹುಷಾರಾಗಿರಬೇಕು ಎಂದು ನೀವು ಅಂದುಕೊಂಡರೆ, ನಿಮಗೆ ಕೋರ್ಟು ಗೊತ್ತಿಲ್ಲ ಎಂದೇ ಅರ್ಥ. ಅಲ್ಲಿ ಕುಳಿತವನಿಗೆ ಅಂಟುವುದು ವಕೀಲರ ಜಾಣತನವಲ್ಲ, ಸಾಕ್ಷಿಗಳ ಚಟ.

ನಾವು ಹೋದದ್ದು ಮಗಳ ಕುಬುಸಕ್ಕೆ. ಉಳಿದ ಕಡೆ ಸೀಮಂತ ಎನ್ನುವುದನ್ನು ನಾವು ಕುಬುಸ ಎನ್ನುತ್ತೇವೆ. ಬಸುರಿ ಮಗಳಿಗೆ ತವರಿನಿಂದ ಹಸಿರು ಸೀರೆ, ಖಣ, ಬುತ್ತಿ ಹೋಗಬೇಕು. ತಾಯಿಯ ಕೈಯಿಂದ ಉಡಿ ತುಂಬಬೇಕು. ಮಗಳು ಶ್ರೀದೇವಿ ಆಗ ಏಳು ತಿಂಗಳ ಬಸುರಿ. ಅಳಿಯ ಬಸವರಾಜ ಜೇವರ್ಗಿ ತಾಲೂಕಿನ ಕೊಳಕೂರದವನು. ಭೀಮಾ ನದಿಗಿಂತ ದೊಡ್ಡ ನೀರು ಕಾಣದೆ ಬೆಳೆದವನನ್ನು ಸರ್ಕಾರ ಸಮುದ್ರದ ನಡುವೆ ಬಂದರಿನ ಇಂಜಿನಿಯರು ಮಾಡಿ ಕೂರಿಸಿತ್ತು. ಚೊಚ್ಚಲ ಹೆರಿಗೆ ತವರಲ್ಲಿ ಆಗುವುದು ವಾಡಿಕೆ, ಆದರೆ ಅಲ್ಲಿಯ ಡಾಕ್ಟರು ಮಗಳಿಗೆ ಪ್ರಯಾಣವೇ ಬೇಡ ಎಂದರು. ಹಾಗಾಗಿ ತವರೇ ಎದ್ದು ಅವಳ ಕಡೆಗೆ ಹೋಗಬೇಕಾಯಿತು. ಕುಬುಸ ಬೆಸ ತಿಂಗಳಲ್ಲಿ ಆಗಬೇಕು, ಎಂಟರಲ್ಲಿ ಮಾಡುವುದಿಲ್ಲ. ಒಂಬತ್ತಕ್ಕೆ ಯಾವ ಗದ್ದಲವೂ ಬೇಡ, ಅವಳು ಮಲಗಿಯೇ ಇರಬೇಕು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಉಳಿದದ್ದು ಆ ವಾರದ ಗುರುವಾರ ಮಾತ್ರ. ಶುಕ್ರವಾರ ಅಮಾವಾಸ್ಯೆ, ಅದು ದಾಟಿದರೆ ಎಂಟು.

ನನ್ನ ಹೆಂಡತಿ ಶರಣಮ್ಮನಿಗೆ ಆ ಗುರುವಾರ ಯಾಕೆ ಅಷ್ಟು ಮುಖ್ಯವಾಗಿತ್ತು ಎಂಬುದಕ್ಕೆ ಇನ್ನೊಂದು ಕಾರಣ ಇದೆ. ಅದನ್ನು ನಿಧಾನವಾಗಿ ಹೇಳುತ್ತೇನೆ, ಬೇಗ ಹೇಳಲು ನನಗೆ ಆಗುವುದಿಲ್ಲ. ಸಾಂಕ್ರಾಮಿಕದ ಎರಡನೆಯ ಅಲೆಯಲ್ಲಿ ಅವಳ ಅಕ್ಕ ಅಫಜಲಪುರ ಕಡೆಯ ಹಳ್ಳಿಯಲ್ಲಿ ತೀರಿಕೊಂಡಳು. ಕಾಯಿಲೆ ಎಂದು ತಿಳಿದು ಎರಡು ದಿನ ಕಳೆದ ಮೇಲೆ ನಾವು ಹೊರಟು ಆ ಊರ ಮುಂದಿನ ತನಕ ಹೋಗಿದ್ದೆವು. ದಾರಿಗೆ ಅಡ್ಡ ಜಾಲಿಯ ಮುಳ್ಳುಕಂಟಿ ಹಾಕಿದ್ದರು. ಆಚೆ ನಿಂತವರೆಲ್ಲ ಗುರುತಿನವರೇ. ಕೈ ಮುಗಿದು, ಬರಬೇಡಿ ಎಂದರು. ಅವರ ಅಂಜಿಕೆ ಸುಳ್ಳಲ್ಲ, ನಮ್ಮ ಸಂಕಟವೂ ಸುಳ್ಳಲ್ಲ. ಕಂಟಿಯ ಈಚೆ ಸ್ವಲ್ಪ ಹೊತ್ತು ನಿಂತು ವಾಪಸು ಬಂದೆವು. ಶರಣಮ್ಮ ಅಳಲಿಲ್ಲ. ಕಾರು ಊರ ಹತ್ತಿರ ಬಂದಾಗ ಒಂದೇ ಮಾತು ಹೇಳಿದಳು: "ಇನ್ನ ಯಾರ ಕಡೀಗೂ ನಾ ತಡಾ ಮಾಡಿ ಹೋಗಂಗಿಲ್ಲ."

ಆದ್ದರಿಂದ ದ್ವೀಪಕ್ಕೆ ಹೋಗಲು ಏನೇನು ಬೇಕು ಎಂಬುದನ್ನು ತಿಳಿಯುವ ಕೆಲಸ ನನ್ನ ಪಾಲಿಗೆ ಬಂತು. ಎರಡು ಲಸಿಕೆ ಆದವರು ಪ್ರಮಾಣಪತ್ರ ತಂದರೆ ಸಾಕು ಎಂದು ಒಂದು ಕಡೆ ಇತ್ತು. ಸಾಲದು, ಮೂಗಿನ ಪರೀಕ್ಷೆಯೂ ಬೇಕು ಎಂದು ವಿಮಾನದವರು ಹೇಳಿದರು. ಪರೀಕ್ಷೆ ಹೊರಡುವ ಮುಂಚಿನ ಎರಡು ದಿನಗಳೊಳಗೆ ಆಗಿರಬೇಕು ಎಂದು ಅಳಿಯ ಫೋನಿನಲ್ಲಿ ಓದಿ ಹೇಳಿದ. ನಾನು ಅದನ್ನು ಬರೆದುಕೊಳ್ಳುವಷ್ಟರಲ್ಲಿ ಮತ್ತೆ ಫೋನು ಮಾಡಿ, ಮಾವಾರೆ, ಈಗ ಓದಿದ್ದು ಹಳೇದಂತ್ರಿ ಎಂದ. ಯಾಕೆ ಬದಲಾಯಿತು ಎಂದು ಯಾರನ್ನು ಕೇಳಿದರೂ ಮೇಲಿನಿಂದ ಬಂದಿದೆ ಎನ್ನುತ್ತಿದ್ದರು. ಈ ಮಾತು ನಮಗೆ ಹೊಸದಲ್ಲ. ಭೀಮಾ ದಂಡೆಯವರಿಗೆ ಗೊತ್ತು, ಮೇಲೆ ಎಲ್ಲೋ ಅಣೆಕಟ್ಟಿನ ಬಾಗಿಲು ಎತ್ತುತ್ತಾರೆ, ಕೆಳಗೆ ನಮ್ಮ ಕಬ್ಬು ಮುಳುಗುತ್ತದೆ. ನಿಯಮವೂ ನೀರಿನ ಹಾಗೆ. ಅದು ಬಿಟ್ಟವರ ಮನೆ ಯಾವಾಗಲೂ ಎತ್ತರದಲ್ಲಿರುತ್ತದೆ.

ದ್ವೀಪದವರನ್ನು ಮಾತ್ರ ಆಡಿಕೊಳ್ಳುವುದು ನ್ಯಾಯವಲ್ಲ. ಆ ವರ್ಷ ನಮ್ಮ ಕಡೆ ಪ್ರತಿ ಊರೂ ದ್ವೀಪವೇ ಆಗಿತ್ತು. ಆಳಂದದಿಂದ ಸ್ವಲ್ಪ ಹೋದರೆ ಮಹಾರಾಷ್ಟ್ರದ ಗಡಿ. ಮನೆ ಈಚೆ, ಹೊಲ ಆಚೆ ಇರುವ ಎಷ್ಟೋ ಜನರಿದ್ದಾರೆ. ಆಗ ನಾಕಾದಲ್ಲಿ ಮನುಷ್ಯರನ್ನು ನಿಲ್ಲಿಸಿ ರಿಪೋರ್ಟ್ ಕೇಳುತ್ತಿದ್ದರು. ಎಮ್ಮೆಗಳು ಮಾತ್ರ ಬೆಳಿಗ್ಗೆ ಒಂದು ರಾಜ್ಯದಲ್ಲಿ ಮೇಯ್ದು, ಸಂಜೆ ಇನ್ನೊಂದು ರಾಜ್ಯದಲ್ಲಿ ಹಾಲು ಕೊಡುತ್ತಿದ್ದವು. ಅವುಗಳ ಮೂಗಿಗೆ ಕಡ್ಡಿ ಹಾಕುವ ಧೈರ್ಯ ಯಾವ ಸರ್ಕಾರಕ್ಕೂ ಇರಲಿಲ್ಲ.

ಈಗ ಚೀಲದ ವಿಷಯ. ಅಳಿಯ ಟಿಕೆಟು ತೆಗೆಸಿದ್ದು ಬುಧವಾರ ಬೆಳಗಿನ ವಿಮಾನಕ್ಕೆ. ಅದಕ್ಕೆ ಮಂಗಳವಾರವೇ ಆಳಂದ ಬಿಟ್ಟು ಹೈದರಾಬಾದಿಗೆ ಹೋಗಬೇಕು. ಶರಣಮ್ಮ ಕ್ಯಾಲೆಂಡರ್ ನೋಡಿ ಕುಳಿತುಬಿಟ್ಟಳು.

"ಮಂಗಳವಾರ ಮಗಳ ಮನಿಗಂತ ಹೊಸ್ತಿಲ ದಾಟಂಗಿಲ್ಲ."

ಅವಳದು ಶರಣರ ದಾರಿ ಹಿಡಿದ ಮನೆತನ. ಅವಳ ಅಪ್ಪ ತನ್ನ ಮಕ್ಕಳ ಮದುವೆಗೂ ಮುಹೂರ್ತ ಕೇಳಿದವರಲ್ಲ. ನಾನು ಅದನ್ನು ನೆನಪಿಸಿದೆ. "ನಿಮ್ಮಪ್ಪ ಪಂಚಾಂಗ ಮುಟ್ಟಲಿಲ್ಲ ಅಂತೀದಿ, ನೀ ನೋಡಿದ್ರ ವಾರ ಎಣಸ್ತಿ."

"ವಾರ ನೋಡಾಕ ಪಂಚಾಂಗ ಎದಕ್ಕ ಬೇಕ್ರಿ? ಗ್ವಾಡಿ ಮ್ಯಾಲ ಕ್ಯಾಲೆಂಡರ್ ಅದಲ್ಲ."

ಮಂಗಳವಾರದಿಂದ ಪಾರಾಗಲು ಅವಳ ಹತ್ತಿರ ಉಪಾಯವೂ ಇತ್ತು. ಅದಕ್ಕೆ ಪ್ರಸ್ಥಾನ ಎನ್ನುತ್ತಾರೆ. ಹೊರಡಬೇಕಾದ ದಿನ ಸರಿಯಿಲ್ಲದಿದ್ದರೆ, ಸರಿಯಿರುವ ದಿನ ನಿಮ್ಮ ಸಾಮಾನಿನಲ್ಲಿ ಒಂದನ್ನು ಹೊಸ್ತಿಲು ದಾಟಿಸಿ, ಹೋಗುವ ದಿಕ್ಕಿನಲ್ಲಿರುವ ಬೇರೆಯವರ ಮನೆಯಲ್ಲಿ ಇಡುವುದು. ಅಲ್ಲಿಗೆ ಪ್ರಯಾಣ ಶುರುವಾದಂತೆ. ಆಮೇಲೆ ನೀವು ಯಾವ ಕೆಟ್ಟ ದಿನ ಹೊರಟರೂ ಅದು ಹೊರಡುವುದಲ್ಲ, ನಡುದಾರಿ. ಇದನ್ನು ಕಂಡುಹಿಡಿದವರು ಹಿಂದಿನ ಜನ್ಮದಲ್ಲಿ ಒಳ್ಳೆಯ ವಕೀಲರಾಗಿದ್ದಿರಬೇಕು. ಕಾಯ್ದೆ ಮುರಿಯದೆ ಕಾಯ್ದೆಯಿಂದ ಪಾರಾಗುವ ಇಷ್ಟು ಚಂದದ ದಾರಿಯನ್ನು ನಾನು ಕೋರ್ಟಿನಲ್ಲೂ ಕಂಡಿಲ್ಲ.

ದ್ವೀಪ ಇರುವುದು ಆಗ್ನೇಯಕ್ಕೆ. ಆ ದಿಕ್ಕಿನ ಮನೆಯವರಿಗೂ ನಮಗೂ ಗೋಡೆಯ ವಿಷಯದಲ್ಲಿ ಮಾತು ಬಿಟ್ಟಿದೆ. ಹಾಗಾಗಿ ಸಮುದ್ರವನ್ನು ಸ್ವಲ್ಪ ಎಡಕ್ಕೆ ಸರಿಸಿ, ಮೂಡಣ ಮನೆಯ ಕಾಶಿಬಾಯಿಯ ಪಡಸಾಲೆಯಲ್ಲಿ ಭಾನುವಾರ ಸಂಜೆ ಚೀಲ ಇಟ್ಟೆವು. ಹಸಿರು ಸೀರೆ, ಖಣ, ಉಡಿಯ ಸಾಮಾನು, ಶೇಂಗಾ ಹೋಳಿಗೆ, ಕರಿಗಡಬು ಎಲ್ಲ ಅದರಲ್ಲೇ ಇದ್ದವು. ಕಾಶಿಬಾಯಿ ಚೀಲದ ತೂಕ ನೋಡಿ, "ಇರ್ಲಿ ಶರಣಮ್ಮ, ಆದ್ರ ಒಳಗ ಏನದ ಅಂತ ಮಾತ್ರ ನಮ್ಮ ಮನಿಯವ್ರಿಗಿ ಹೇಳಬ್ಯಾಡ" ಎಂದಳು. ಅವಳ ಗಂಡ ಒಳಗೆ ಕೆಮ್ಮುತ್ತಿದ್ದ. ತೊಗರಿ ಒಕ್ಕಿ ರಾಶಿ ಮಾಡುವ ಕಾಲ. ಆ ಹೊಟ್ಟಿನ ಧೂಳು ಒಮ್ಮೆ ಗಂಟಲಿಗೆ ಹೊಕ್ಕರೆ ನಮ್ಮ ತಾಲೂಕಿನಲ್ಲಿ ಎಲ್ಲರೂ ಕೆಮ್ಮುವವರೇ.

ಪರೀಕ್ಷೆ ಪ್ರಯಾಣಕ್ಕೆ ಮುಂಚೆಯೇ ಆಗಬೇಕು ಎಂಬುದೊಂದು ಮಾತ್ರ ಬದಲಾಗದೆ ಉಳಿದಿತ್ತು. ಸೋಮವಾರ ಕಲಬುರಗಿಗೆ ಹೋಗಿ ಮೂಗು ಒಡ್ಡಿ ಬಂದೆವು. ರೋಗ ಇಲ್ಲ ಎಂಬ ರಿಪೋರ್ಟ್ ಮರುದಿನ ಫೋನಿಗೆ ಬಂತು. ಮಂಗಳವಾರ ಕಾಶಿಬಾಯಿಯ ಮನೆಯಿಂದ ಚೀಲ ಎತ್ತಿಕೊಂಡು ಹೊರಟೆವು. ಬುಧವಾರ ಮಧ್ಯಾಹ್ನದ ಮುಂಚೆ ದ್ವೀಪದಲ್ಲಿ ಇಳಿದೆವು. ಗಾಜಿನ ಬಾಗಿಲಿನ ಆಚೆ ಅಳಿಯ ಕೈ ಬೀಸುತ್ತಿದ್ದ. ಅವನಿಗೂ ನಮಗೂ ನಡುವೆ ಇದ್ದದ್ದು ಒಂದು ಮೇಜು.

ಅಧಿಕಾರಿ ಕಾಗದಗಳನ್ನೆಲ್ಲ ನೋಡಿ ತಲೆದೂಗಿದರು. ನಂತರ ಕೇಳಿದರು: ಪ್ರಯಾಣ ಯಾವಾಗ ಶುರುಮಾಡಿದಿರಿ?

ಭಾನುವಾರ ಎಂದೆ.

ಅವರು ಬುಧವಾರ ಬೆಳಗಿನ ಟಿಕೆಟು, ಆಳಂದದ ವಿಳಾಸ ನೋಡಿ, ಮಂಗಳವಾರ ತಾನೆ ಎಂದರು. ಮಂಗಳವಾರ ಎಂದು ಬರೆಯಲು ಪೆನ್ನನ್ನೂ ಊರಿದ್ದರು. ಒಳ್ಳೆಯ ಮನುಷ್ಯ. ಕೋರ್ಟಿನಲ್ಲಿ ಸಾಕ್ಷಿಗೆ ಇಷ್ಟು ಸಹಾಯ ಯಾರೂ ಮಾಡುವುದಿಲ್ಲ. ಶರಣಮ್ಮನ ಮೊಣಕೈ ನನ್ನ ಪಕ್ಕೆಗೆ ಬಂತು. ಅದನ್ನು ನಾನು, ಪೂರ್ತಿ ಹೇಳಿ ಎಂಬ ಸೂಚನೆ ಎಂದುಕೊಂಡೆ. ಮನುಷ್ಯರು ಹೊರಟದ್ದು ಮಂಗಳವಾರ, ಪ್ರಯಾಣ ಶುರುವಾದದ್ದು ಭಾನುವಾರ ಎಂದು ಸ್ಪಷ್ಟಮಾಡಿದೆ. ಅವರು ಪೆನ್ನು ಎತ್ತಿದರು. ಹಾಗಾದರೆ ಭಾನುವಾರ ಎಲ್ಲಿದ್ದಿರಿ? ಮನೆಯಲ್ಲಿ. ಪ್ರಯಾಣ ಎಲ್ಲಿತ್ತು? ಪಕ್ಕದ ಮನೆಯಲ್ಲಿ. ಆ ಮನೆಯಲ್ಲಿ ಯಾರಿಗಾದರೂ ಕೆಮ್ಮು, ನೆಗಡಿ?

ಇಲ್ಲಿ ನಾನು ಅತನೂರಿನ ಹಿರಿಯರನ್ನು ನೆನೆಯಬೇಕಿತ್ತು. ನೆನೆಯಲಿಲ್ಲ. ಯಜಮಾನರಿಗೆ ಕೆಮ್ಮು ಇದೆ, ಆದರೆ ಅದು ತೊಗರಿಯ ಕೆಮ್ಮು ಎಂದೆ.

ಅವರು ಪಕ್ಕದ ಡಾಕ್ಟರಿಗೆ ಆ ಮಾತನ್ನು ದಾಟಿಸಿದರು. ತೊಗರಿಯ ಕೆಮ್ಮು ಎಂಬುದು ಅವರ ಪುಸ್ತಕದಲ್ಲಿ ಇರಲಿಲ್ಲ. ಡಾಕ್ಟರು ಮೇಲಿನವರಿಗೆ ಫೋನು ಮಾಡಿದರು, ಮೇಲಿನವರು ಇನ್ನೂ ಮೇಲಿನವರನ್ನು ಕೇಳಿದರು. ಪ್ರಯಾಣ ಶುರುವಾದ ಮೇಲೆ ಮಾಡಿಸಿದ ಪರೀಕ್ಷೆ ನಡೆಯುವುದಿಲ್ಲ, ಕೆಮ್ಮುವವರ ಮನೆಯ ಸಂಪರ್ಕ ಬೇರೆ ಇದೆ, ಮತ್ತೆ ಪರೀಕ್ಷೆ ಆಗಲಿ, ಫಲ ಬರುವ ತನಕ ಇವರು ಗುಡ್ಡದ ಮೇಲಿನ ಸರ್ಕಾರಿ ವಸತಿಗೃಹದಲ್ಲಿ ಇರಲಿ ಎಂದು ತೀರ್ಮಾನವಾಯಿತು. ಫಲ ಶುಕ್ರವಾರ ಬರುತ್ತದೆ. ಕುಬುಸ ಗುರುವಾರ.

ಗಾಜಿನ ಆಚೆಯಿಂದ ಅಳಿಯ ಏನಾಯಿತು ಎಂದು ಕೈಯಲ್ಲೇ ಕೇಳುತ್ತಿದ್ದ. ತೊಗರಿಯನ್ನು ಕೈಸನ್ನೆಯಲ್ಲಿ ಹೇಳುವುದು ಹೇಗೆಂದು ನನಗೆ ತಿಳಿಯಲಿಲ್ಲ.

ವಸತಿಗೃಹದ ಕೋಣೆಯಲ್ಲಿ ಎರಡು ಮಂಚ, ಒಂದು ಕಿಟಕಿ. ಕಿಟಕಿಯ ತುಂಬ ಸಮುದ್ರ. ನಾನು ಅಷ್ಟು ನೀರನ್ನು ಕಂಡದ್ದು ಅದೇ ಮೊದಲು. ನೋಡು ಬಾ ಎಂದು ಕರೆದೆ. ಶರಣಮ್ಮ ಗೋಡೆಯ ಕಡೆ ಮುಖಮಾಡಿ ಕುಳಿತಿದ್ದಳು. ತಿರುಗದೆಯೇ ಕೇಳಿದಳು.

"ಸುಳ್ಳ ಹೇಳ್ರಿ ಅಂತ ಯಾರ ಅಂದಿದ್ರು ನಿಮಗ? ಸುಮ್ಮ ಇರಾಕ ಏನಾಗಿತ್ತು?"

ಸತ್ಯಕ್ಕೂ ಸುಳ್ಳಿಗೂ ನಡುವೆ ಸುಮ್ಮನಿರುವುದು ಎಂಬ ದೊಡ್ಡ ಊರು ಇದೆ, ಸಂಸಾರವಂದಿಗರೆಲ್ಲ ವಾಸ ಮಾಡುವುದು ಅಲ್ಲೇ ಎಂಬುದು ನನಗೆ ಆ ವಯಸ್ಸಿನಲ್ಲಿ ತಿಳಿಯಿತು.

ಅವಳಿಗೆ ಸಮಾಧಾನ ಹೇಳಲು ಹೋಗಿ ಶರಣರ ಮಾತು ತೆಗೆದೆ. ಶರಣರು ಐದು ಸೂತಕಗಳನ್ನೂ ಒಲ್ಲೆ ಎಂದವರು. ಹುಟ್ಟಿದರೆ ಮೈಲಿಗೆ ಇಲ್ಲ, ಸತ್ತರೆ ಮೈಲಿಗೆ ಇಲ್ಲ. ಹಾಗಾಗಿ ನಮ್ಮ ಮನೆಗಳಲ್ಲಿ ಯಾರ ಹೊಸ್ತಿಲನ್ನಾದರೂ ಕೇಳದೆ ದಾಟುವುದು ರೂಢಿ. ಈಗ ನೋಡು, ಆರನೆಯದೊಂದು ಸೂತಕ ಬಂದಿದೆ, ಇದನ್ನು ಒಪ್ಪದೆ ಗತಿಯಿಲ್ಲ, ಯಾಕೆಂದರೆ ಇದಕ್ಕೆ ಮಂತ್ರ ಇಲ್ಲ, ಯಂತ್ರ ಇದೆ ಎಂದೆ. ಮಾತು ನನಗೆ ಚೆನ್ನಾಗಿ ಕಂಡಿತು. ಅವಳು ಕೇಳಿಸಿಕೊಳ್ಳಲಿಲ್ಲ. ಮೂಲೆಯಲ್ಲಿದ್ದ ಚೀಲವನ್ನೇ ನೋಡುತ್ತಿದ್ದಳು. ಅಕ್ಕನ ಊರ ಮುಂದೆ ನಿಂತಾಗಲೂ ಅವಳ ಮುಖ ಹೀಗೇ ಇತ್ತು.

ಸಂಜೆಗೆ ಎದ್ದು ನಿಂತಳು. "ನಮಗ ಹೋಗಾಕ ಬರಂಗಿಲ್ಲ. ಚೀಲಕ್ಕ ಹೋಗಾಕ ಬರ್ತದೇನು, ಕೇಳ್ರಿ."

ಕೇಳಿದೆ. ನಿಯಮದಲ್ಲಿ ಮನುಷ್ಯರು ಹೊರಗೆ ಹೋಗಬಾರದು ಎಂದಿತ್ತು. ಸಾಮಾನಿನ ವಿಷಯ ಇರಲಿಲ್ಲ. ಕಾವಲಿನವರು ಅದಕ್ಕೆ ಔಷಧ ಸಿಂಪಡಿಸಿ, ಮರುದಿನ ಬೆಳಿಗ್ಗೆ ಬಿಸಿಲಿಗೆ ಇಟ್ಟು, ಆಮೇಲೆ ಕೊಡುತ್ತೇವೆ ಎಂದರು. ಶರಣಮ್ಮ ಫೋನಿನಲ್ಲಿ ಅಳಿಯನಿಗೆ ಹೇಳಿದ್ದನ್ನು ನಾನು ಅಕ್ಷರ ಬಿಡದೆ ಬರೆಯುತ್ತೇನೆ.

"ಬಸವರಾಜ, ಚೀಲ ಭಾನುವಾರ ನಮ್ಮ ಸಲುವಾಗಿ ಹೊಂಟದ. ಅಂದಮ್ಯಾಲ ನಮ್ಮ ಸಲುವಾಗಿ ಬಂದು ಮುಟ್ಟಾಕೂ ಬರ್ತದ. ಅದನ್ನ ಒಯ್ದು ಶ್ರೀದೇವಿ ಬಾಜೂ ಮಣಿ ಮ್ಯಾಲ ಇಡು. ಅಲ್ಲಿ ಯಾರೂ ಕೂಡಬಾರ್ದು. ಅದು ನಾ."

ಅಳಿಯ, ಆತ್ರಿ ಅತ್ತಿ, ಎಂದ. ಅಷ್ಟು ಕಾನೂನು ಓದಿದವರ ನಡುವೆ ಕುಳಿತು ಬಂದವನಿಗೆ ಈ ತರ್ಕದಲ್ಲಿ ಒಂದು ಬಿರುಕೂ ಸಿಗಲಿಲ್ಲ.

ಗುರುವಾರ ಫೋನಿನ ಪರದೆಯಲ್ಲಿ ಕುಬುಸ ನೋಡಿದೆವು. ಮಗಳು ಹಸಿರು ಸೀರೆ ಉಟ್ಟು ಕುಳಿತಿದ್ದಳು. ಪಕ್ಕದ ಮಣೆಯ ಮೇಲೆ ಔಷಧದ ಕಲೆಬಿದ್ದ ನಮ್ಮ ಚೀಲ. ಬಂದಿದ್ದವರು ಅಕ್ಕಪಕ್ಕದ ನಾಲ್ಕಾರು ಹೆಂಗಸರು, ಮುಖಕ್ಕೆ ಮುಸುಕು, ಒಬ್ಬೊಬ್ಬರದು ಒಂದೊಂದು ಸೀಮೆ. ಯಾರಿಗೂ ಕುಬುಸ ಗೊತ್ತಿಲ್ಲ. ಶರಣಮ್ಮ ಇಲ್ಲಿಂದಲೇ ಕಲಬುರಗಿ ಬಜಾರಿನ ಹಿಂದಿಯಲ್ಲಿ ಒಂದೊಂದಾಗಿ ಹೇಳಿಕೊಟ್ಟಳು. ಮೊದಲು ವಿಭೂತಿ, ಆಮೇಲೆ ಕುಂಕುಮ, ಉಡಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಕೊಂಬು. ತಮಿಳು ಮಾತಾಡುವ ಒಬ್ಬ ಹಿರಿಯಳು ಮೊದಲು ಎದ್ದಳು. ಅಕ್ಕಿ ಹಿಡಿದ ಕೈಯನ್ನು ಚೀಲಕ್ಕೆ ಮುಟ್ಟಿಸಿ, ಆಮೇಲೆ ಮಗಳ ಉಡಿಗೆ ಹಾಕಿದಳು. ಹಿಂದಿನಿಂದ ಬಂದವರೆಲ್ಲ ಹಾಗೇ ಮಾಡಿದರು. ಹಾಗೆ ಮಾಡಿ ಎಂದು ಯಾರೂ ಹೇಳಿರಲಿಲ್ಲ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಯಾವ ಕಟಕಟೆಯಲ್ಲಿ ಬೇಕಾದರೂ ಹೇಳುತ್ತೇನೆ.

ಶರಣಮ್ಮ ಫೋನು ನನ್ನ ಕೈಗೆ ಕೊಟ್ಟು ಕಿಟಕಿಯ ಹತ್ತಿರ ಹೋದಳು. ಸಮುದ್ರವನ್ನು ನೋಡಿ, "ಭಾಳ ಅದಲ್ರಿ" ಎಂದಳು. ಅಷ್ಟೇ.

ಶುಕ್ರವಾರ ಸಂಜೆ ಫಲ ಬಂತು. ರೋಗ ಇಲ್ಲ. ಕಾಗದಕ್ಕೆ ಮುದ್ರೆ ಹಾಕಿ ಬಿಟ್ಟರು. ಅಳಿಯ ಕಾರು ತಂದಿದ್ದ. ಗುಡ್ಡ ಇಳಿಯುವ ತನಕ ಶರಣಮ್ಮ ನಿಯಮ ಮಾಡಿದವರನ್ನು, ಮೇಲಿನವರನ್ನು, ಅವರಿಗಿಂತ ಮೇಲಿನವರನ್ನು, ನಡುನಡುವೆ ನನ್ನನ್ನೂ ಬೈದಳು. ಹೆತ್ತ ಮಗಳ ಮನೆಗೆ ಹೋಗಲು ತಾಯಿಗೆ ಎಂಥ ಅಪ್ಪಣೆ ಎಂದಳು. ಅಳಿಯ ಹೌದ್ರಿ ಅತ್ತಿ, ಹೌದ್ರಿ ಅತ್ತಿ ಎನ್ನುತ್ತ ಗಾಡಿ ಓಡಿಸಿದ.

ಮನೆಯ ಬಾಗಿಲು ಪೂರ್ತಿ ತೆರೆದಿತ್ತು. ಶ್ರೀದೇವಿ ಹೊಸ್ತಿಲ ಒಳಗೆ ಎರಡೂ ಕೈ ಸೊಂಟಕ್ಕೆ ಊರಿ ನಿಂತಿದ್ದಳು. ಹೊಟ್ಟೆ ಮುಂದೆ ಬಂದಿತ್ತು, ಮುಖ ತುಂಬಿಕೊಂಡಿತ್ತು. ಶರಣಮ್ಮ ಕಾರಿನಿಂದ ಇಳಿದು ಬಿರಬಿರನೆ ನಡೆದಳು. ಮೆಟ್ಟಿಲ ತನಕ ಹೋಗಿ ನಿಂತುಬಿಟ್ಟಳು.

"ಬಾ ಅವ್ವ. ಎದಕ್ಕ ನಿಂತಿ?"

"ನೀ ಹಿಂದ ಸರಿ. ನಾ ಎಷ್ಟು ಮಂದಿ ನಡುವ ಹಾದು ಬಂದೀನಿ. ನಾಕ ದಿನ ಈ ಹೊರಗಿನ ಖೋಲ್ಯಾಗ ಇರ್ತೀನಿ."

"ರಿಪೋರ್ಟ್ ಬಂದದಲ್ಲವ್ವ."

"ಅದು ಅವರ ಸಮಾಧಾನಕ್ಕ. ನನ್ನ ಸಮಾಧಾನಕ್ಕ ನಾಕ ದಿನ ಬೇಕು."

ನನಗೆ ಒಳಗೆ ಹೋಗುವ ಆತುರ ಇತ್ತು. ಎರಡು ಲಸಿಕೆ, ಎರಡು ಪರೀಕ್ಷೆ, ಸರ್ಕಾರದ ಮುದ್ರೆ, ಎಲ್ಲ ನನ್ನ ಕಡೆಗಿದ್ದವು. ಅವಳು ತಿರುಗಿಯೂ ನೋಡದೆ ಕೈ ಅಡ್ಡ ಹಿಡಿದಳು. ಅಷ್ಟು ದಿನದಲ್ಲಿ ನಾವು ಕಂಡ ಬಾಗಿಲುಗಳಲ್ಲಿ ಕಾವಲಿಲ್ಲದ ಬಾಗಿಲು ಅದೊಂದೇ. ಇಬ್ಬರೂ ಮೆಟ್ಟಿಲ ಮೇಲೆ ಕುಳಿತೆವು.

ಮಗಳು ಒಳಗಿನಿಂದ ಎರಡು ಕಪ್ ಚಹಾ ತಂದು ಹೊಸ್ತಿಲ ಮೇಲಿಟ್ಟು ಹಿಂದೆ ಸರಿದಳು. ಶರಣಮ್ಮ ಒಂದು ಗುಟುಕು ಕುಡಿದು, ಒಳಗೆ ಕೇಳುವಷ್ಟು ಜೋರಾಗಿ, ಬಸುರಿ ಹ್ಯಾಂಗ ನಿಂದ್ರಬೇಕು, ಹ್ಯಾಂಗ ಕೂಡಬೇಕು, ಚಹಾಕ್ಕೆ ಸಕ್ಕರೆ ಎಷ್ಟು ಹಾಕಬೇಕು ಎಂದು ಹೇಳಲು ಶುರುಮಾಡಿದಳು. ಒಳಗಿನಿಂದ, ಆತು ಅವ್ವ, ಆತು ಅವ್ವ ಎಂಬ ಉತ್ತರ ಬರುತ್ತಿತ್ತು.